ಹರಿಗೋಲು ಹಿಡಿದ ದಾರಿ

ಚರಿತ್ರೆಯ ಪಾಠ ಮಾಡುವಾಗ ಕಪ್ಪುಹಲಗೆಯ ಮೇಲೆ ನಾನು ಮೊದಲು ಎಳೆಯುವುದು ಹೊಳೆಯ ಗೆರೆ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ಇವೆರಡರ ನಡುವಿನ ಎಡೆದೊರೆ ನಾಡಿಗಾಗಿ ವಿಜಯನಗರದವರೂ ಬಹಮನಿಯವರೂ ತಲೆತಲಾಂತರ ಬಡಿದಾಡಿದರು ಎಂದು ಹೇಳಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಪುಸ್ತಕದಲ್ಲಿ ಹೊಳೆಯೆಂದರೆ ಗಡಿ. ಅದರ ಮೇಲೆ ಜನ ಓಡಾಡುತ್ತಿದ್ದರು, ಅದೂ ಒಂದು ದಾರಿಯಾಗಿತ್ತು ಎಂಬ ಮಾತಿಗೆ ಪಾಠದಲ್ಲಿ ಒಂದು ಸಾಲಿನ ಜಾಗವೂ ಇಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಮೆರಿಕದಿಂದ ಬಂದಾಗ ಒಂದು ನಕ್ಷೆ ತಂದುಕೊಟ್ಟಳು. ಗಂಡನ ಕೆಲಸದ ಮೇಲೆ ನ್ಯೂ ಹ್ಯಾಂಪ್‌ಷೈರ್ ಎಂಬ ರಾಜ್ಯದಲ್ಲಿದ್ದಾಳೆ. ಸೀರೆ, ಚಾಕೊಲೇಟು ತರುವವರುಂಟು. ಇವಳು ನಕ್ಷೆ ತಂದಳು, ಟೀಚರಿಗೆ ಇದೇ ಸರಿ ಎಂದುಕೊಂಡಿರಬೇಕು. ಅದರಲ್ಲಿ ರಸ್ತೆಗಳು ತೆಳುವಾಗಿದ್ದವು, ಹೊಳೆಗಳು ದಪ್ಪವಾಗಿದ್ದವು. ಎಲ್ಲಿ ದೋಣಿ ಇಳಿಸಬೇಕು, ಎಲ್ಲಿ ದಡ ಹತ್ತಬೇಕು, ಎಲ್ಲಿ ದೋಣಿಯನ್ನು ಹೆಗಲ ಮೇಲೆ ಹೊತ್ತು ನಡೆಯಬೇಕು, ರಾತ್ರಿ ಎಲ್ಲಿ ಡೇರೆ ಹಾಕಬಹುದು ಎಂದೆಲ್ಲ ಗುರುತುಗಳು. ಇದಕ್ಕೆ ಅವರು ‘ವಾಟರ್ ಟ್ರೇಲ್’ ಅನ್ನುತ್ತಾರಂತೆ. ಹೊಳೆದಾರಿ ಎಂದುಕೊಳ್ಳೋಣ. ಹುಟ್ಟು ಹಾಕುತ್ತ ವಿಹಾರಕ್ಕೆ ಹೋಗುವವರಿಗೆಂದು ಮಾಡಿದ ದಾರಿ. “ನಮ್ಮೂರ ಹೊಳೆಗೂ ಹೀಗೊಂದು ಮಾಡಬಹುದಲ್ಲ ಟೀಚರ್?” ಎಂದು ಕೇಳಿ ಅವಳು ವಿಮಾನ ಹತ್ತಿದಳು. ಪ್ರಶ್ನೆ ನನ್ನ ಬಳಿ ಉಳಿಯಿತು.

ನಮ್ಮೂರ ಹೊಳೆ ಎಂದರೆ ತುಂಗಭದ್ರೆ. ಅಣೆಕಟ್ಟಿನ ಕೆಳಗೆ ಕೊಪ್ಪಳದ ಕಡೆಯ ಮುದ್ಲಾಪುರದಿಂದ ಬಳ್ಳಾರಿ ಜಿಲ್ಲೆಯ ಕಂಪ್ಲಿಯವರೆಗೆ ಅದರ ಓಟ 34 ಕಿಲೋಮೀಟರ್. ಈ ಲೆಕ್ಕ ನನ್ನದಲ್ಲ. 2015ರಲ್ಲಿ ಸರ್ಕಾರ ಇಷ್ಟು ಉದ್ದದ ಹೊಳೆಯನ್ನು ನೀರುನಾಯಿಗಳ ಸಂರಕ್ಷಣೆಗೆಂದು ಮೀಸಲಿಟ್ಟಿತು. ಬರೀ ನೀರುನಾಯಿಗಾಗಿ ಮೀಸಲಾದ ಹೊಳೆ ದೇಶದಲ್ಲಿ ಇದೇ ಮೊದಲನೆಯದು. ಈ ಓಟದ ನಡುವೆಯೇ ಹಂಪಿ ಇದೆ, ಆನೆಗೊಂದಿ ಇದೆ, ವ್ಯಾಸರಾಯರ ವೃಂದಾವನವಿರುವ ನವವೃಂದಾವನದ ನಡುಗಡ್ಡೆ ಇದೆ. ಕೊನೆಗೆ ಸಿಗುವ ಕಂಪ್ಲಿಗೆ ಗಂಡುಗಲಿ ಕುಮಾರರಾಮನ ಹೆಸರು ಅಂಟಿಕೊಂಡಿದೆ. ಸಾಮ್ರಾಜ್ಯ ಹುಟ್ಟುವ ಮುಂಚಿನ ಕಥೆಯಿಂದ ಅದು ಬಿದ್ದ ಮೇಲಿನ ಹಾಳಿನವರೆಗೆ ಎಲ್ಲವೂ ಒಂದೇ ಹೊಳೆಯ ಎರಡು ದಡಗಳಲ್ಲಿ ಸಿಗುವ ಇಂಥ ಇನ್ನೊಂದು ತುಂಡು ನಾಡಿನಲ್ಲಿ ಎಲ್ಲಿದೆಯೋ ನನಗೆ ತಿಳಿಯದು.

ಈ ಹೊಳೆಯ ವಾಹನ ಹರಿಗೋಲು. ನಮ್ಮ ಕಡೆ ಕೆಲವರು ತೆಪ್ಪ ಅಂತಲೂ ಅನ್ನುತ್ತಾರೆ. ನೀವು ಹಂಪಿಗೆ ಹೋದಾಗ ಚಕ್ರತೀರ್ಥದ ಹತ್ತಿರ ಕೋದಂಡರಾಮ ದೇವಸ್ಥಾನದ ಎದುರು ನೋಡಿರುತ್ತೀರಿ, ಕೂತೂ ಇರುತ್ತೀರಿ. ಬಿದಿರಿನ ದೊಡ್ಡ ಬುಟ್ಟಿ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಯಸ್ ಆನೆಗೊಂದಿಯ ಕಡವಿನಲ್ಲಿ ಇದನ್ನೇ ನೋಡಿದ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ನೆಟ್ಟಗೆ ಹೋಗುವುದೇ ಇಲ್ಲ, ಸುತ್ತುತ್ತಲೇ ಹೋಗುತ್ತದೆ ಎಂದು ಬೆರಗಿನಿಂದ ಬರೆದಿಟ್ಟ. ಈ ರಾಜ್ಯದ ಹೊಳೆಗಳಲ್ಲಿ ಬೇರೆ ದೋಣಿಯೇ ಇಲ್ಲ ಎಂದೂ ಸೇರಿಸಿದ. ಮುತ್ತು ಹವಳವನ್ನು ಸೇರಿನಲ್ಲಿ ಅಳೆದ ಪೇಟೆಯ ಮಾತನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅದೇ ಪೇಟೆಗೆ ಜನ ಬುಟ್ಟಿಯಲ್ಲಿ ಕೂತು ಬರುತ್ತಿದ್ದರು ಎಂಬುದನ್ನು ಹೇಳುವುದಿಲ್ಲ.

ಸೇತುವೆ ಕಟ್ಟಲು ಅವರಿಗೆ ಬರುತ್ತಿರಲಿಲ್ಲ ಎಂದಲ್ಲ. ವಿಠ್ಠಲ ದೇವಾಲಯದ ಕೆಳಗೆ, ಪುರಂದರ ಮಂಟಪಕ್ಕೆ ಹತ್ತಿರದಲ್ಲಿ, ಹೊಳೆಯ ನಡುವೆ ಕಲ್ಲುಕಂಬಗಳ ಸಾಲು ಇವತ್ತಿಗೂ ನಿಂತಿದೆ. ಮೇಲಿನ ಹಾಸು ಎಂದೋ ಹೋಯಿತು. ಸಾಮ್ರಾಜ್ಯ ಕಟ್ಟಿದ ಸೇತುವೆ ಬಿತ್ತು, ಬುಟ್ಟಿ ಮಾತ್ರ ಐನೂರು ವರ್ಷ ದಾಟಿಸಿತು.

ಬುಟ್ಟಿಯ ಗುಟ್ಟು ಬಹಳ ಸರಳ. ಬಂಡೆಗಳ ಹೊಳೆ ಇದು. ಉದ್ದನೆಯ ಮರದ ದೋಣಿಗೆ ಮೂಗಿರುತ್ತದೆ, ಬೆನ್ನುಮೂಳೆ ಇರುತ್ತದೆ. ಬಂಡೆಗೆ ತಗುಲಿದರೆ ಒಡೆಯುತ್ತದೆ, ಅಡ್ಡ ಸಿಕ್ಕಿದರೆ ಮಗುಚುತ್ತದೆ. ಹರಿಗೋಲಿಗೆ ಮುಂದೂ ಇಲ್ಲ ಹಿಂದೂ ಇಲ್ಲ. ಬಂಡೆಗೆ ತಾಗಿದರೆ ಬಿದಿರು ಬಾಗುತ್ತದೆ, ಬುಟ್ಟಿ ಒಂದು ಸುತ್ತು ತಿರುಗಿ ಪಕ್ಕಕ್ಕೆ ಜಾರುತ್ತದೆ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದ ನೀರಿದ್ದರೂ ಸಾಕು. ಅಂಬಿಗ ಹುಟ್ಟನ್ನು ತನ್ನ ಮುಂದೆ ನೀರಿಗಿಳಿಸಿ ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ, ರೊಟ್ಟಿಗೆ ಹಿಟ್ಟು ಎಳೆದುಕೊಂಡಂತೆ. ಚರ್ಮದ ಹೊದಿಕೆ ಹೋಗಿ ಬಹಳ ಕಾಲವಾಯಿತು. ಆಮೇಲೆ ಬಂದದ್ದು ಗೊಬ್ಬರದ ಚೀಲ, ಪ್ಲಾಸ್ಟಿಕ್ ತಾಡಪಾಲು, ಅದರ ಮೇಲೆ ಕಾಯಿಸಿ ಬಳಿದ ಡಾಂಬರು. ಈಗ ಫೈಬರಿನವೂ ಕಾಣುತ್ತವೆ. ಅವಕ್ಕೆ ಬಾಗುವ ಗುಣವಿಲ್ಲ.

ಎಲ್ಲಕ್ಕಿಂತ ನನಗೆ ಇಷ್ಟವಾಗುವುದು ಅಂಬಿಗರು ಮನೆಗೆ ಮರಳುವ ರೀತಿ. ಸೆಳವಿನ ಜೊತೆ ಕೆಳಗೆ ಹೋದ ಹರಿಗೋಲನ್ನು ಸೆಳವಿನ ವಿರುದ್ಧ ಮೇಲಕ್ಕೆ ತರುವುದು ಕಷ್ಟ. ಅದನ್ನು ಮಗುಚಿ, ಬೆನ್ನ ಮೇಲೆ ಹೊತ್ತು, ದಡದುದ್ದಕ್ಕೂ ನಡೆದು ಬರುತ್ತಾರೆ. ದೂರದಿಂದ ನೋಡಿದರೆ ದೊಡ್ಡ ಆಮೆಗಳು ಸಾಲಾಗಿ ಬರುತ್ತಿರುವಂತೆ ಕಾಣುತ್ತದೆ. ನನ್ನ ವಿದ್ಯಾರ್ಥಿನಿಯ ನಕ್ಷೆಯಲ್ಲಿ ದೋಣಿ ಹೊತ್ತು ನಡೆಯುವ ಜಾಗಗಳಿಗೆ ಗುರುತು ಹಾಕಿದ್ದರು ಎಂದೆನಲ್ಲ, ಅವು ನಮ್ಮಲ್ಲೂ ಇದ್ದವು. ಗುರುತು ಹಾಕಿದವರಿರಲಿಲ್ಲ.

ಈ ಬುಟ್ಟಿ ಯುದ್ಧಕ್ಕೂ ಹೋಗಿದೆ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಫಿರೋಜ್ ಷಾ ಬಹಮನಿ ತುಂಬಿದ ಕೃಷ್ಣೆಯನ್ನು ದಾಟಲು ಚರ್ಮ ಹೊದಿಸಿದ ಬುಟ್ಟಿಗಳನ್ನು ಮಾಡಿಸಿದ ಕಥೆಯನ್ನು ಫಿರಿಶ್ತ ಬರೆದಿದ್ದಾನೆ. ಅದಾಗಿ ನಾನೂರು ವರ್ಷದ ಮೇಲೆ, 1800ರ ಮಳೆಗಾಲದಲ್ಲಿ, ಚನ್ನಗಿರಿಯ ಧೋಂಡಿಯಾ ವಾಘನನ್ನು ಅಟ್ಟಿಸಿಕೊಂಡು ಬಂದ ಆರ್ಥರ್ ವೆಲ್ಲೆಸ್ಲಿ ಜೂನ್ ತಿಂಗಳಲ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿದ. ಮುಂದೆ ವಾಟರ್ಲೂ ಗೆದ್ದು ದೊಡ್ಡ ಹೆಸರು ಮಾಡಿದ ಆ ವೆಲ್ಲೆಸ್ಲಿಯೇ ನಮ್ಮ ನಾಡಿನ ಹೊಳೆಗಳನ್ನು ದಾಟಲು ಬುಟ್ಟಿದೋಣಿಗಳನ್ನು ನೆಚ್ಚಿಕೊಂಡಿದ್ದ, ಅವನ್ನು ಸಿದ್ಧಮಾಡಿಸಲು ಪತ್ರದ ಮೇಲೆ ಪತ್ರ ಬರೆಯುತ್ತಿದ್ದ. ಬುಟ್ಟಿ ಹೆಣೆದವರ ಹೆಸರು ಯಾವ ಪತ್ರದಲ್ಲಿ ಇದ್ದೀತು!

ಅಂಬಿಗರಲ್ಲಿ ಹೆಸರು ಉಳಿಸಿಕೊಂಡವರು ಒಬ್ಬರು. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯ. ಇದೇ ತುಂಗಭದ್ರೆಯ ದಡದ, ಈಗ ಹಾವೇರಿ ಜಿಲ್ಲೆಗೆ ಸೇರಿದ ಚೌಡದಾನಪುರದ ಜೊತೆ ಅವರ ಹೆಸರು ಸೇರಿಕೊಂಡಿದೆ. ಶರಣರ ನಡುವೆ ಅವರಷ್ಟು ಖಾರವಾಗಿ ಮಾತನಾಡಿದವರು ಇಲ್ಲ. ದಿನವಿಡೀ ನೂರು ಬಗೆಯ ಜನರನ್ನು ಒಂದೇ ಬುಟ್ಟಿಯಲ್ಲಿ ಮೈಗೆ ಮೈ ತಾಗಿಸಿ ಕೂರಿಸಿದವರಿಗೆ ಮಡಿವಂತಿಕೆಯ ಮೇಲೆ ಎಷ್ಟು ಗೌರವ ಉಳಿದೀತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಚೆಂದದ ಮಾತು ಇಷ್ಟು. ಇನ್ನೊಂದು ಮುಖವನ್ನೂ ಹೇಳಬೇಕು.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಮ್ಮ ಶಾಲೆಗೆ ಆಚೆ ದಡದಿಂದ ಏಳೆಂಟು ಹುಡುಗಿಯರು ಬರುತ್ತಿದ್ದರು. ಬೆಳಿಗ್ಗೆ ಹರಿಗೋಲು, ಸಂಜೆ ಹರಿಗೋಲು. ಹಾಲಿನ ಕ್ಯಾನು, ಕಾಯಿಪಲ್ಯೆಯ ಪುಟ್ಟಿ, ನಾಟಿಗೆ ಹೊರಟ ಹೆಂಗಸರು, ಒಂದೆರಡು ಸೈಕಲ್ಲು, ಎಲ್ಲದರ ನಡುವೆ ಇವರು. ಪಾಟೀಚೀಲ ನೆನೆಯದಿರಲೆಂದು ತಲೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದರು. ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಹಾಜರಿ ಪುಸ್ತಕದಲ್ಲಿ ಆ ಏಳೆಂಟು ಹೆಸರಿನ ಮುಂದೆ ಗೈರು. ಆಗಸ್ಟ್ ತಿಂಗಳ ಪುಟ ತೆಗೆದರೆ ಸಾಲುಸಾಲು ಗೈರು. ಜುಲೈನಲ್ಲಿ ಭಾಗಾಕಾರ ಕಲಿತವಳು ಸೆಪ್ಟೆಂಬರಿನಲ್ಲಿ ಬಂದಾಗ ತರಗತಿ ದಶಮಾಂಶಕ್ಕೆ ಹೋಗಿರುತ್ತಿತ್ತು. ಹತ್ತನೆಯ ತರಗತಿಯ ಹೊತ್ತಿಗೆ ಏಳೆಂಟರಲ್ಲಿ ಇಬ್ಬರು ಉಳಿದರು. ಹೊಳೆಯೊಂದೇ ಕಾರಣ ಎನ್ನಲಾರೆ. ಮದುವೆ, ಕೂಲಿ, ತಮ್ಮಂದಿರನ್ನು ನೋಡಿಕೊಳ್ಳುವುದು ಎಲ್ಲವೂ ಇತ್ತು. ಆದರೆ ಬಿಡಿಸಬೇಕೆಂದಿದ್ದ ಅಪ್ಪನಿಗೆ ಹೊಳೆ ಒಳ್ಳೆಯ ನೆಪವಾಗುತ್ತಿತ್ತು.

ಹೆರಿಗೆ ನೋವು ಬಂದವರನ್ನು ರಾತ್ರಿ ದಾಟಿಸಿದ ಕಥೆ, ದಾಟಿಸಲಾಗದ ಕಥೆ, ದಡದ ಯಾವ ಊರಿಗೆ ಹೋದರೂ ಹಿರಿಯ ಹೆಂಗಸರು ಹೇಳುತ್ತಾರೆ. ಹಂಪಿಯಿಂದ ಆನೆಗೊಂದಿಗೆ ನೀರಿನ ಮೇಲೆ ಹತ್ತು ನಿಮಿಷ. ರಸ್ತೆ ಹಿಡಿದರೆ ಮೂವತ್ತು ನಲವತ್ತು ಕಿಲೋಮೀಟರ್ ಸುತ್ತು. ಆದ್ದರಿಂದ ಜನ ಸೇತುವೆ ಕೇಳಿದರು. ಕೆಲಸವೂ ಶುರುವಾಯಿತು. ಅತ್ತ ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಸ್ಮಾರಕಗಳ ನಡುವೆ ಇಂಥ ಸೇತುವೆಗಳು ಬಂದರೆ ಲಾರಿ ಬಸ್ಸು ನುಗ್ಗುತ್ತವೆಂದು ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಕೆಲಸ ನಿಂತಿತು, ವಾದ ನಡೆಯಿತು, 2006ರಲ್ಲಿ ಹೆಸರು ಆ ಪಟ್ಟಿಯಿಂದ ಹೊರಬಂತು. 2009ರ ಜನವರಿಯಲ್ಲಿ, ಕಟ್ಟುತ್ತಿದ್ದಾಗಲೇ, ಆನೆಗೊಂದಿಯ ಸೇತುವೆ ಕುಸಿದು ಕೂಲಿಯವರು ಸತ್ತರು. ಕೆಳಗಡೆ ಬುಕ್ಕಸಾಗರದಿಂದ ಕಡೇಬಾಗಿಲಿಗೆ ಇನ್ನೊಂದು ಸೇತುವೆ ಬರುವವರೆಗೆ ಜನ ಮತ್ತೆ ಹರಿಗೋಲನ್ನೇ ನಂಬಬೇಕಾಯಿತು.

ಸ್ಮಾರಕ ಉಳಿಯಬೇಕು ಎಂದವರ ಮಾತು ತಪ್ಪೆಂದು ನಾನು ಹೇಳುವುದಿಲ್ಲ. ಚರಿತ್ರೆಯ ಟೀಚರಾಗಿ ಹಾಗೆ ಹೇಳಲೂ ಆಗದು. ಆದರೆ ಆ ವಾದ ನಡೆದಷ್ಟು ವರ್ಷವೂ “ಹರಿಗೋಲು ಎಷ್ಟು ಸುಂದರ, ಇದನ್ನು ಉಳಿಸಬೇಕು” ಎಂದು ಹೇಳಿದವರು ವರ್ಷಕ್ಕೊಮ್ಮೆ ಅದರಲ್ಲಿ ಕೂತವರು. ದಿನಕ್ಕೆರಡು ಸಲ ಕೂತವರು ಸೇತುವೆ ಬೇಕೆಂದರು. ಇದೇ ಮಾತನ್ನು ಶರಾವತಿಯ ಹಿನ್ನೀರಿನಲ್ಲಿಯೂ ಕೇಳಿದ್ದೇನೆ. ಸಿಗಂದೂರಿನ ಚೌಡೇಶ್ವರಿಗೆ ಹೋದವರಿಗೆಲ್ಲ ಲಾಂಚಿನ ನೆನಪಿದೆ. ಬಸ್ಸು ಸಮೇತ ನೀರಿನ ಮೇಲೆ ತೇಲಿಹೋಗುವ ಖುಷಿ, ಮಕ್ಕಳ ಕೇಕೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಆಚೆ ದಡದಲ್ಲಿ ಉಳಿದುಹೋದವರಿಗೆ ಅದೇ ಲಾಂಚು ಸಂಜೆಯಾದರೆ ಮುಚ್ಚುವ ಬಾಗಿಲು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ತೆರೆದಾಗ “ಲಾಂಚಿನ ಮಜಾ ಹೋಯಿತು” ಎಂದು ನಮ್ಮ ಓಣಿಯಲ್ಲೇ ಕೆಲವರು ಬೇಸರಪಟ್ಟರು. ಆ ದ್ವೀಪದಲ್ಲಿ ಸೊಸೆಯಾಗಿ ಹೋಗಿ ಮೂವತ್ತು ವರ್ಷ ಬಾಳಿದವಳನ್ನು ಕೇಳಿ ನೋಡಬೇಕು.

ದಾಟಲೇಬೇಕಾದ ಒತ್ತಾಯ ಇರುವವರೆಗೆ ಹೊಳೆಯ ಮೇಲೆ ವಿಹಾರವೆಂಬ ಮಾತು ಹೊರಗಿನವರದು. ಸೇತುವೆಯಾದ ಮೇಲೆ ಪ್ರಶ್ನೆ ಬೇರೆಯಾಗುತ್ತದೆ. ಅಂಬಿಗನ ಬುಟ್ಟಿಗೆ ಹಾಲಿನ ಕ್ಯಾನು ಬರುವುದಿಲ್ಲ, ಶಾಲೆಯ ಮಕ್ಕಳು ಬರುವುದಿಲ್ಲ. ನಮ್ಮಜ್ಜಿಯ ಕಾಲದಲ್ಲಿ ಸುಗ್ಗಿಯಾದ ಮೇಲೆ ಅಂಬಿಗರ ಮನೆಗೆ ಕಾಳು ಅಳೆದು ಕೊಡುತ್ತಿದ್ದರು. ವರ್ಷವಿಡೀ ದಾಟಿಸಿದ್ದಕ್ಕೆ ಅದು ಕೂಲಿ. ಆ ಲೆಕ್ಕ ಯಾವತ್ತೋ ಮುಗಿಯಿತು. ಉಳಿದದ್ದು ಪ್ರವಾಸಿ. ಪ್ರವಾಸಿಗೆ ದಾಟುವುದು ಬೇಕಿಲ್ಲ, ಸುತ್ತುವುದು ಬೇಕು. ಬುಟ್ಟಿಯನ್ನು ಗಿರಗಿರನೆ ತಿರುಗಿಸಿದರೆ ನಗು, ಫೋಟೊ, ಮೇಲೆ ಇಪ್ಪತ್ತು ರೂಪಾಯಿ. ನಮ್ಮ ಕಡೆಯ ಹಿರಿಯ ಅಂಬಿಗರೊಬ್ಬರು ನನಗೆ ಹೇಳಿದ್ದುಂಟು: “ಅಕ್ಕೋರೆ, ಬುಟ್ಟಿ ತಿರುಗದಂಗ ನಡೆಸಾಕ ನಮ್ಮಪ್ಪ ನನಗ ಹೊಡದು ಕಲಿಸಿದ. ಈಗ ತಿರುಗಸೋದಕ್ಕ ರೊಕ್ಕ ಕೊಡ್ತಾರ.”

ಆ ನಕ್ಷೆಯ ಹಿಂದಿನ ಕಥೆ ತಿಳಿದಾಗ ನನಗೆ ಈ ಮಾತೇ ನೆನಪಾಯಿತು. ಅಮೆರಿಕದ ಈಶಾನ್ಯದಲ್ಲಿರುವ ಆ ಹೊಳೆದಾರಿಯ ಹೆಸರು ನಾರ್ದರ್ನ್ ಫಾರೆಸ್ಟ್ ಕನೂ ಟ್ರೇಲ್. ನ್ಯೂಯಾರ್ಕ್ ರಾಜ್ಯದ ಓಲ್ಡ್ ಫೋರ್ಜ್ ಎಂಬ ಊರಿನಿಂದ ಮೇನ್ ರಾಜ್ಯದ ಫೋರ್ಟ್ ಕೆಂಟ್‌ವರೆಗೆ 740 ಮೈಲಿ, ಎಂದರೆ ಸುಮಾರು 1,190 ಕಿಲೋಮೀಟರ್. ನಡುವೆ ವರ್ಮಾಂಟ್, ನ್ಯೂ ಹ್ಯಾಂಪ್‌ಷೈರ್ ರಾಜ್ಯಗಳು, ಕೆನಡಾದ ಕ್ವಿಬೆಕ್ ಪ್ರಾಂತದ ಒಂದು ತುಂಡು. ಹೊಳೆಯಿಂದ ಕೆರೆಗೆ, ಕೆರೆಯಿಂದ ಹೊಳೆಗೆ, ಮಧ್ಯೆ ದೋಣಿ ಹೊತ್ತು ನಡಿಗೆ. ಆ ದಾರಿಯನ್ನು ಯಾರೂ ಹೊಸದಾಗಿ ಕಂಡುಹಿಡಿಯಲಿಲ್ಲ. ಅಬೆನಾಕಿ ಮೊದಲಾದ ಮೂಲನಿವಾಸಿಗಳು ಓಡಾಡುತ್ತಿದ್ದ ನೀರದಾರಿಗಳನ್ನು 1990ರ ದಶಕದಲ್ಲಿ ನೇಟಿವ್ ಟ್ರೇಲ್ಸ್ ಎಂಬ ಗುಂಪಿನವರು ಹುಡುಕಿ ಜೋಡಿಸಿದರು. 2000ದಲ್ಲಿ ಕೇ ಹೆನ್ರಿ ಎಂಬ ಮಹಿಳೆ, ರಾಬ್ ಸೆಂಟರ್ ಎಂಬವರ ಜೊತೆ ಸೇರಿ, ಇದಕ್ಕಾಗಿ ಒಂದು ಸಂಸ್ಥೆ ಕಟ್ಟಿದರು. ಇಬ್ಬರೂ ಮೊದಲು ದೋಣಿ ತಯಾರಿಸುವ ಕಂಪನಿ ನಡೆಸಿದವರು. 2006ರಲ್ಲಿ ಪೂರ್ತಿ ದಾರಿ ತೆರೆಯಿತು. ಹದಿಮೂರು ನಕ್ಷೆಗಳನ್ನು ಅಚ್ಚು ಹಾಕಿಸಿದರು. ನೂರಾರು ಊರಿನವರನ್ನು ಮಾತಾಡಿಸಿ, ದಡದ ಜಮೀನಿನವರ ಒಪ್ಪಿಗೆ ಪಡೆದು, ಗುರುತಿನ ಫಲಕ ಹೊಡೆದು, ಇಳಿಯುವ ಜಾಗ ಸಮಮಾಡಿ ಮಾಡಿದ ಕೆಲಸ. ಕಟ್ಟಡ ಬಹಳ ಕಡಿಮೆ, ಮಾತುಕತೆ ಬಹಳ. ಊರವರೂ ಸ್ವಯಂಸೇವಕರೂ ಸೇರಿ ದಾರಿಯನ್ನು ಇಟ್ಟುಕೊಂಡಿದ್ದಾರೆ.

ನಮ್ಮಲ್ಲಿ ಅಭಿವೃದ್ಧಿ ಎಂದರೆ ಮೊದಲು ಕಾಣುವುದು ಸಿಮೆಂಟು. ಒಂದು ಸ್ವಾಗತ ಕಮಾನು, ಟಿಕೆಟ್ ಗೂಡು, ಗುತ್ತಿಗೆ, ಮೋಟಾರು ದೋಣಿ. ಇದಕ್ಕಿಂತ ದೊಡ್ಡ ಕನಸೂ ಕಾಗದದ ಮೇಲಿದೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ 111 ಜಲಮಾರ್ಗಗಳಲ್ಲಿ ನಮ್ಮ ಕಾಳಿ, ಶರಾವತಿ, ನೇತ್ರಾವತಿಯ ಜೊತೆ ತುಂಗಭದ್ರೆಯ ಹೆಸರೂ ಇದೆ. ಆ ಕಾಯ್ದೆಯ ಕಣ್ಣಿರುವುದು ಸರಕು ಸಾಗಣೆ ಹಡಗಿನ ಮೇಲೆ. ಹಂಪಿಯ ಬಂಡೆಗಳ ನಡುವೆ ಯಾವ ಹಡಗು ನುಸುಳುತ್ತದೋ ನೋಡುವ ಆಸೆ ನನಗಂತೂ ಇದೆ.

ಕರ್ನಾಟಕದಲ್ಲಿ ಹುಟ್ಟು ಹಿಡಿದು ಹೊಳೆಗಿಳಿಯುವ ವಿಹಾರಕ್ಕೆ ಹೆಸರಾದದ್ದು ಕಾಳಿ. ದಾಂಡೇಲಿಯ ಹತ್ತಿರ ಗಣೇಶಗುಡಿಯಿಂದ ಸುಮಾರು 9 ಕಿಲೋಮೀಟರ್ ರಬ್ಬರ್ ತೆಪ್ಪದ ಓಟ, ನೊರೆನೀರಿನ ಇಳಿಜಾರುಗಳು. ಮಕ್ಕಳ ಜೊತೆ ಪ್ರವಾಸ ಹೋದಾಗ ದಡದಲ್ಲಿ ನಿಂತು ನೋಡಿದ್ದೇನೆ. ಹಳದಿ, ಕೆಂಪು ಜಾಕೆಟ್ಟು, ತಲೆಗೆ ಹೆಲ್ಮೆಟ್ಟು, ಒಬ್ಬ ಮುಂದಾಳು ಕೂಗಿದಂತೆ ಎಲ್ಲರೂ ಒಟ್ಟಿಗೆ ಹುಟ್ಟು ಹಾಕುವುದು. ಆದರೆ ಅಲ್ಲಿ ಹೊಳೆ ಯಾವಾಗ ಓಡಬೇಕೆಂದು ಹೊಳೆ ತೀರ್ಮಾನಿಸುವುದಿಲ್ಲ. ಮೇಲಿರುವ ಸೂಪಾ ಅಣೆಕಟ್ಟಿನ ವಿದ್ಯುದಾಗಾರದಲ್ಲಿ ಯಂತ್ರ ತಿರುಗಿದರೆ ನೀರು, ನೀರು ಬಂದರೆ ತೆಪ್ಪ. ಯಂತ್ರ ನಿಂತರೆ ಬರೀ ಕಲ್ಲು. ಆ ಅಣೆಕಟ್ಟಿಗಾಗಿ ಸೂಪಾ ಎಂಬ ತಾಲೂಕು ಕೇಂದ್ರವೇ ಮುಳುಗಿತು. ಜನರನ್ನು ರಾಮನಗರಕ್ಕೆ ಒಯ್ದರು, ತಾಲೂಕಿನ ಹೆಸರು ಜೊಯಿಡಾ ಆಯಿತು. ತೆಪ್ಪದಲ್ಲಿ ಕೇಕೆ ಹಾಕುವ ಹುಡುಗರಿಗೆ ಇದನ್ನು ಯಾರೂ ಹೇಳುವುದಿಲ್ಲ, ಅವರೂ ಕೇಳಲು ಬಂದವರಲ್ಲ. ಒಂದು ಫಲಕವಾದರೂ ಇರಬಹುದಿತ್ತು.

ನಮ್ಮ ತುಂಗಭದ್ರೆಯದೂ ಇದೇ ಸ್ಥಿತಿ. 1945ರಲ್ಲಿ ಅಡಿಗಲ್ಲು, 1953ರಲ್ಲಿ ಕಾಲುವೆಗೆ ನೀರು. ಅಲ್ಲಿಂದೀಚೆಗೆ ಹಂಪಿಯ ಹೊಳೆ ಮೂವತ್ತಮೂರು ಗೇಟುಗಳ ಹೊಳೆ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಮಡುಗಳು ಮಾತ್ರ ಉಳಿಯುತ್ತವೆ, ಆನೆಗೊಂದಿಯ ಹೆಂಗಸರು ಬಟ್ಟೆ ಒಗೆಯಲು ಹೊಳೆಯ ನಡುವಿನವರೆಗೂ ನಡೆದುಹೋಗುತ್ತಾರೆ. ಮಳೆಗಾಲದಲ್ಲಿ ಗೇಟು ತೆಗೆದರೆ ಪುರಂದರ ಮಂಟಪ ಮುಳುಗುತ್ತದೆ; ಕಂಪ್ಲಿ-ಗಂಗಾವತಿ ಸೇತುವೆಯೂ ಎಷ್ಟೋ ಸಲ ಮುಳುಗಿ ಓಡಾಟ ನಿಂತಿದೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟು ಕಿತ್ತುಹೋದಾಗ ನಾವೆಲ್ಲ ನಿದ್ದೆಗೆಟ್ಟೆವು. ಅಣೆಕಟ್ಟಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆಗೆಯಬೇಕಾಯಿತು. ಒಂದು ವಾರದಲ್ಲಿ ತಾತ್ಕಾಲಿಕ ತಡೆ ಕೂರಿಸಿದರು. ಆ ರಾತ್ರಿ ಹೊಳೆಯಲ್ಲಿ ಡೇರೆ ಹಾಕಿಕೊಂಡವರು ಯಾರಾದರೂ ಇದ್ದಿದ್ದರೆ? ಆ ಅಮೆರಿಕದ ನಕ್ಷೆಯನ್ನು ಇಲ್ಲಿಗೆ ಹಾಗೆಯೇ ತಂದು ಹಾಸಲು ಆಗದು ಎನ್ನುವುದು ಇದಕ್ಕೇ. ನಮ್ಮ ಹೊಳೆದಾರಿಗೆ ಮೊದಲು ಬೇಕಾದದ್ದು ಫಲಕವೂ ಅಲ್ಲ, ನಕ್ಷೆಯೂ ಅಲ್ಲ. ಎಷ್ಟು ಗಂಟೆಗೆ ಎಷ್ಟು ನೀರು ಬಿಡುತ್ತಾರೆ ಎಂಬ ಸುದ್ದಿ ದಡದ ಕೊನೆಯ ಅಂಬಿಗನವರೆಗೆ ತಲುಪುವ ಏರ್ಪಾಡು.

ಎರಡನೆಯದು ಜಾಕೆಟ್ಟು. 2019ರ ಜನವರಿಯಲ್ಲಿ ಕಾಳಿ ಸಮುದ್ರ ಸೇರುವ ಕಾರವಾರದಲ್ಲಿ, ಕೂರ್ಮಗಡದ ನರಸಿಂಹನ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹೆಂಗಸರು ಮಕ್ಕಳು ಸೇರಿ ಹಲವರು ಸತ್ತರು. ಇಡೀ ಕುಟುಂಬಗಳು ಜಾತ್ರೆಗೆ ಹೋಗಿದ್ದವು. ಹೊಸ ಸೀರೆ, ತಲೆತುಂಬ ಹೂ, ಕೈಯಲ್ಲಿ ಪ್ರಸಾದದ ಚೀಲ. ನಾವು ಹೆಂಗಸರು ಈ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕು. ಜಾಕೆಟ್ಟು ಹಾಕಿಕೊಂಡರೆ ಸೆರಗು ಮುದುಡುತ್ತದೆ, ಫೋಟೊ ಕೆಡುತ್ತದೆ, ಯಾರೋ ಹಾಕಿ ಬಿಟ್ಟದ್ದು ವಾಸನೆ ಎಂದು ಬೇಡ ಅನ್ನುವವರನ್ನು ನಾನೇ ಕಂಡಿದ್ದೇನೆ. ಶಾಲೆಯ ಪ್ರವಾಸದಲ್ಲಿ ಒಮ್ಮೆ ದಡದ ಗುತ್ತಿಗೆಯವನೊಬ್ಬ ನಲವತ್ತು ಮಕ್ಕಳಿಗೆ ಹನ್ನೆರಡು ಜಾಕೆಟ್ಟು ತೋರಿಸಿ “ಏನೂ ಆಗಲ್ಲ ಮೇಡಂ, ನೀರು ಸೊಂಟದ ಮಟ್ಟ” ಎಂದ. ಹನ್ನೆರಡು ಹನ್ನೆರಡಾಗಿಯೇ ಕಳಿಸಿದೆ. ಕೊನೆಯ ಗುಂಪು ಹತ್ತುವ ಹೊತ್ತಿಗೆ ಮಧ್ಯಾಹ್ನದ ಊಟ ತಣ್ಣಗಾಗಿತ್ತು, ಸಹೋದ್ಯೋಗಿಗಳ ಮುಖ ಬಿಸಿಯಾಗಿತ್ತು.

ಇಷ್ಟಾದರೆ ಉಳಿದದ್ದು ಕಷ್ಟವಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗೆ ಇಳಿಯಲು ಹತ್ತಲು ಜಾಗಗಳು ಮೊದಲಿನಿಂದಲೂ ಇವೆ. ಹಳೆಯ ಕಡವುಗಳೇ ಅವು. ಕಲ್ಲಿನ ಮೆಟ್ಟಿಲೂ ಇವೆ, ಮಂಟಪದ ನೆರಳೂ ಇದೆ. ವಿಜಯನಗರದ ಕಾಲದ ಅಣೆಗಳು ಅಡ್ಡ ಬರುತ್ತವೆ. ಅವುಗಳಿಂದ ತುರ್ತಾ ಕಾಲುವೆಯಂಥವು ಇಂದಿಗೂ ಗದ್ದೆ ಬಾಳೆಗೆ ನೀರುಣಿಸುತ್ತಿವೆ, ಅವನ್ನು ಮುಟ್ಟುವ ಹಾಗಿಲ್ಲ. ಅಲ್ಲಿ ಬುಟ್ಟಿ ಹೊತ್ತು ನಡೆದರಾಯಿತು. ನೀರುನಾಯಿಯ ಮರಿಗಳಿರುವ ನಡುಗಡ್ಡೆಗಳನ್ನು ದೂರದಿಂದ ನೋಡಬೇಕು. ಮೊಸಳೆಯ ಮಡುಗಳಲ್ಲಿ ಕಾಲು ಇಳಿಬಿಡಬಾರದು. ಮೋಟಾರು ದೋಣಿ ನವವೃಂದಾವನದ ಭಕ್ತರಿಗೆ ಬೇಕಾದೀತು, ಉಳಿದೆಡೆ ಅದರ ಸದ್ದು ಯಾಕೆ? ಸಿಡಿಮದ್ದು ಹಾಕಿ ಮೀನು ಹಿಡಿಯುವವರನ್ನೂ ಮರಳು ಬಗೆಯುವವರನ್ನೂ ನೀರಿನ ಮೇಲೆ ದಿನವೂ ಹುಟ್ಟು ಹಾಕುವವರಷ್ಟು ಬೇಗ ಕಾಣುವವರು ಬೇರೆ ಯಾರಿದ್ದಾರೆ? ನೀರುನಾಯಿಯ ಕಾವಲಿಗೂ ಅಂಬಿಗನ ಹೊಟ್ಟೆಪಾಡಿಗೂ ಒಂದೇ ಹೊಳೆದಾರಿ ಸಾಕು ಎಂದು ನನಗನ್ನಿಸುತ್ತದೆ. ಟೆಂಡರು ಕರೆದು ಬೇರೆ ಊರಿನ ಗುತ್ತಿಗೆದಾರನಿಗೆ ಕೊಟ್ಟು, ಅಂಬಿಗನನ್ನು ಅವನ ಬಳಿ ದಿನಗೂಲಿಗೆ ನಿಲ್ಲಿಸಿದರೆ ಮಾತ್ರ ಅದು ಆಗದು.

ಇನ್ನೊಂದು ಸಣ್ಣ ಆಸೆ ಇದೆ. ಐನೂರು ವರ್ಷದ ಈ ಕಥೆಯಲ್ಲಿ ಹೆಂಗಸರೆಲ್ಲ ಬುಟ್ಟಿಯಲ್ಲಿ ಕೂತವರೇ. ಹುಟ್ಟು ಹಿಡಿದವಳನ್ನು ನಾನು ಕಂಡಿಲ್ಲ. ಆ ಹಿರಿಯ ಅಂಬಿಗರ ಮೊಮ್ಮಗಳು ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿ. ಈಜುತ್ತಾಳೆ, ಮೀನಿನ ಹಾಗೆ. “ಇವಳಿಗೆ ಯಾಕೆ ಕಲಿಸಬಾರದು ತಾತ?” ಎಂದೆ. “ಅವಳು ಡಾಕ್ಟರ್ ಆಗ್ತಾಳಂತ್ರಿ” ಎಂದರು. ಹುಡುಗಿ ನಕ್ಕಳು. ಎರಡರಲ್ಲಿ ಯಾವುದಕ್ಕೆ ನಕ್ಕಳೋ.

ಹೊಳೆಯ ನಕ್ಷೆ ಮಾತ್ರ ಶುರುವಾಗಿದೆ. ಭಾನುವಾರ ಬಿಡುವಾದಾಗ ಆ ತಾತ ಹೇಳುತ್ತಾರೆ, ನಾನು ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆದುಕೊಳ್ಳುತ್ತೇನೆ, ಮೊಮ್ಮಗಳು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾಳೆ. ಯಾವ ಬಂಡೆಯ ಬಲಕ್ಕೆ ಹೋಗಬಾರದು, ಎಲ್ಲಿ ಸುಳಿ ಮೇಲಿಂದ ಕಾಣುವುದಿಲ್ಲ, ಯಾವ ಮೆಟ್ಟಿಲಿನವರೆಗೆ ನೀರು ಬಂದರೆ ಬುಟ್ಟಿ ಕಟ್ಟಿಹಾಕಿ ಮನೆಗೆ ಹೋಗಬೇಕು. ಹನ್ನೊಂದು ಪುಟವಾಗಿದೆ. ಕಂಪ್ಲಿಯ ಹತ್ತಿರ ಬಂದಾಗ ತಾತ ಸುಮ್ಮನಾದರು. ಮುಂದೆ ಹೇಳಿ ಎಂದೆ.

“ಅಲ್ಲಿಂದ ಕೆಳಗ ಅದು ಅವರ ಹೊಳಿರಿ ಅಕ್ಕೋರೆ. ಅವರನ್ನ ಕೇಳಬೇಕು.”